ಡಿ2 ಸ್ಟೀಲಿಗೆ 62 ಬೇಡ, ಎರಡು ಟೆಂಪರ್ ಬೇಕು

ನಾನು ಶೀಟ್ ಮೆಟಲ್ ಪಂಚ್ ಮತ್ತು ಡೈ ಮಾಡುವವನು. ಪೀಣ್ಯ ಕಡೆಯ ಟೂಲ್ ರೂಮುಗಳಲ್ಲಿ ಡೈ ಅಂದರೆ ಎಚ್‌ಸಿಎಚ್‌ಸಿ ಸ್ಟೀಲ್, ಅಂದರೆ ಕಾರ್ಬನ್, ಕ್ರೋಮಿಯಂ ಎರಡೂ ಹೆಚ್ಚಿರುವ ಸ್ಟೀಲ್ ಅಂತಲೇ ಲೆಕ್ಕ. ಆದರೆ ಅಂಗಡಿಯಲ್ಲಿ ಹಾಗೆ ಕೇಳಿದರೆ ಡಿ2 ಕೊಡಬಹುದು, ಡಿ3ನೂ ಕೊಡಬಹುದು. ಡಿ3ಯಲ್ಲಿ ಕಾರ್ಬನ್ 2 ಶೇಕಡಾ ದಾಟಿರುತ್ತದೆ, ಸಾಮಾನ್ಯವಾಗಿ ಎಣ್ಣೆಯಲ್ಲಿ ಅದ್ದಿ ಗಟ್ಟಿ ಮಾಡುತ್ತಾರೆ, ಬಿರುಕಿನ ಭಯ ಜಾಸ್ತಿ. ಡಿ2ಯಲ್ಲಿ ಕಾರ್ಬನ್ ಸುಮಾರು 1.5, ಕ್ರೋಮಿಯಂ 12ರ ಹತ್ತಿರ, ಜೊತೆಗೆ ಸ್ವಲ್ಪ ಮಾಲಿಬ್ಡಿನಂ, ವೆನೇಡಿಯಂ. ಇದು ಗಾಳಿಯಲ್ಲೇ ಗಟ್ಟಿಯಾಗುತ್ತದೆ, ಹಾಗಾಗಿ ಡೊಂಕಾಗುವುದೂ ಕಡಿಮೆ. ಅದಕ್ಕೇ ನಾನು ಡಿ2 ಅಂತ ಹೆಸರು ಹೇಳಿ, ಟೆಸ್ಟ್ ಸರ್ಟಿಫಿಕೇಟ್ ನೋಡಿಯೇ ತರುತ್ತೇನೆ.

ಡೈ ಸವೆಯಬಾರದು ಅಂದರೆ ಗಟ್ಟಿತನದ ರಾಕ್‌ವೆಲ್ ಅಳತೆಯಲ್ಲಿ 62 ಎಚ್‌ಆರ್‌ಸಿ ಬೇಕು ಅಂತ ತುಂಬಾ ಜನ ಹಟ ಹಿಡಿಯುತ್ತಾರೆ. ನನಗೆ ಅದು ಸರಿ ಅನ್ನಿಸುವುದಿಲ್ಲ. ಡಿ2 ಸವೆಯದೇ ಇರುವುದಕ್ಕೆ ಮುಖ್ಯ ಕಾರಣ ಅದರೊಳಗಿನ ಕ್ರೋಮಿಯಂ ಕಾರ್ಬೈಡ್ ಕಣಗಳು. ಕಾಂಕ್ರೀಟಿನಲ್ಲಿ ಜಲ್ಲಿ ಇದ್ದ ಹಾಗೆ ಅವು ಕೂತಿರುತ್ತವೆ, ಸುತ್ತಲಿನ ಸ್ಟೀಲಿಗಿಂತ ಎಷ್ಟೋ ಗಟ್ಟಿ. ಟೆಂಪರಿಂಗಿನಲ್ಲಿ, ಅಂದರೆ ಗಟ್ಟಿ ಮಾಡಿದ ಸ್ಟೀಲಿನ ಪೆಡಸು ಇಳಿಯಲಿ ಅಂತ ಮತ್ತೆ ಕಾಯಿಸುವಾಗ, ಗಟ್ಟಿತನ ಎರಡು ಪಾಯಿಂಟ್ ಇಳಿದರೂ ಈ ಕಣಗಳು ಎಲ್ಲಿಗೂ ಹೋಗುವುದಿಲ್ಲ. ಅಂಚು ಸವೆದರೆ ಗ್ರೈಂಡಿಂಗ್ ಮಾಡಿ ಮತ್ತೆ ಓಡಿಸಬಹುದು, ಬಿರುಕು ಬಿಟ್ಟ ಡೈಗೆ ಏನು ಮಾಡುವುದು?

ನಾನು ಮಾಡಿಸುವ ಕ್ರಮ ಇದು. ರಫ್ ಮೆಷಿನಿಂಗ್ ಆದ ಮೇಲೆ 650 ಡಿಗ್ರಿಯಲ್ಲಿ ಎರಡು ಗಂಟೆ ಇಟ್ಟು ಲೋಹದೊಳಗಿನ ಒತ್ತಡ ತೆಗೆಸುತ್ತೇನೆ, ಕುಲುಮೆಯೊಳಗೇ ನಿಧಾನವಾಗಿ ಆರಬೇಕು. ವೈರ್ ಕಟ್‌ಗೆ (ತಂತಿಯ ವಿದ್ಯುತ್ ಕಿಡಿಯಿಂದ ಲೋಹ ಕತ್ತರಿಸುವುದು) ಬೇಕಾದ ತೂತು ಆಗಲೇ ಕೊರೆದಿರಬೇಕು. ಡೈ ಬಾಯಿ ದೊಡ್ಡದಿದ್ದರೆ ಸುತ್ತ ಮೂರು ನಾಲ್ಕು ಮಿಲಿಮೀಟರ್ ಬಿಟ್ಟು ಒಳಗಿನ ಲೋಹವನ್ನೂ ಮೊದಲೇ ತೆಗೆಯುತ್ತೇನೆ. ಆಮೇಲೆ ವ್ಯಾಕ್ಯೂಮ್ ಕುಲುಮೆ. 650ರಲ್ಲಿ ಒಮ್ಮೆ, 850ರಲ್ಲಿ ಒಮ್ಮೆ ನಿಲ್ಲಿಸಿ, ಒಳಗೂ ಹೊರಗೂ ಒಂದೇ ಬಿಸಿ ಬಂದ ಮೇಲೆ 1030ಕ್ಕೆ ಏರಿಸಿ, ತಿರುಳೂ ಆ ಬಿಸಿಗೆ ಬಂದ ಮೇಲೆ ಅರ್ಧ ಗಂಟೆ ಬಿಟ್ಟು ನೈಟ್ರೋಜನ್ ಒತ್ತಡದಲ್ಲಿ ತಣಿಸುತ್ತಾರೆ. ಮಾಮೂಲಿ ಕುಲುಮೆಯಾದರೆ ಮೇಲ್ಮೈಯ ಕಾರ್ಬನ್ ಸುಟ್ಟು ಮೆತ್ತಗಾಗುತ್ತದೆ, ಸ್ಟೇನ್‌ಲೆಸ್ ಹಾಳೆಯಲ್ಲಿ ಸುತ್ತಿ ಇಡಬೇಕು.

ಎಲ್ಲದಕ್ಕಿಂತ ಹೆಚ್ಚು ಗಮನ ಬೇಕಿರುವುದು ಟೆಂಪರಿಂಗಿಗೆ. ತುಂಡು 50ರಿಂದ 70 ಡಿಗ್ರಿಗೆ ಇಳಿದ ತಕ್ಷಣ ಟೆಂಪರಿಂಗಿಗೆ ಹೋಗಬೇಕು, ನಾಳೆ ಬೆಳಿಗ್ಗೆ ನೋಡೋಣ ಅನ್ನುವ ಮಾತೇ ಬೇಡ. 200 ಡಿಗ್ರಿಯಲ್ಲಿ ಮಾಡಿದರೆ 60ರಿಂದ 62 ಸಿಗುತ್ತದೆ, ಆದರೆ ಒಳಗಿನ ಒತ್ತಡ ಬಹಳಷ್ಟು ಹಾಗೇ ಉಳಿಯುತ್ತದೆ. ವೈರ್ ಕಟ್ ತಂತಿ ಹೋಗುವಾಗ ಆ ಒತ್ತಡ ಒಮ್ಮೆಗೇ ಬಿಚ್ಚಿಕೊಂಡು ಬ್ಲಾಕ್ ಸೀಳಬಹುದು. ನಾನು 520 ಡಿಗ್ರಿಯಲ್ಲಿ ಎರಡು ಸಲ, ಪ್ರತಿ ಸಲ ಎರಡು ಗಂಟೆ ಮಾಡಿಸುತ್ತೇನೆ, ನಡುವೆ ಪೂರ್ತಿ ತಣ್ಣಗಾಗಬೇಕು. ಯಾಕೆ ಎರಡು ಸಲ ಅಂದರೆ, ತಣಿಸುವಾಗ ಬದಲಾಗದೆ ಉಳಿದ ಆಸ್ಟೆನೈಟ್ (ಕಡು ಬಿಸಿಯಲ್ಲಿ ಸ್ಟೀಲಿನ ಒಳರಚನೆ) ಮೊದಲ ಟೆಂಪರ್ ಆಗಿ ಆರುವಾಗ ಹೊಸ ಮಾರ್ಟೆನ್ಸೈಟ್ (ತಣಿದಾಗ ಬರುವ ಗಟ್ಟಿ ರಚನೆ) ಆಗುತ್ತದೆ. ಅದಿನ್ನೂ ಹಸಿ, ಗಾಜಿನಷ್ಟೇ ಪೆಡಸು, ಅದನ್ನು ಹದಕ್ಕೆ ತರುವುದೇ ಎರಡನೇ ಟೆಂಪರ್. ಕೊನೆಗೆ 58ರಿಂದ 60 ಬರುತ್ತದೆ, ಒಂದೂವರೆ ಮಿಲಿಮೀಟರ್ ಸಿಆರ್ (ಕೋಲ್ಡ್ ರೋಲ್ಡ್, ಅಂದರೆ ಕಾಯಿಸದೆ ಉರುಳಿಸಿ ತೆಳು ಮಾಡಿದ) ಶೀಟ್ ಹೊಡೆಯುವ ಡೈಗೆ ಅದು ಧಾರಾಳ ಸಾಕು. ದಪ್ಪ ಶೀಟಿಗೆ ಸಣ್ಣ ಪಂಚ್ ಬೇಕಾದರೆ ಮಾತ್ರ ಡಿ2 ಬೇಡ, ಅಂಚು ಉದುರುತ್ತದೆ.

ವೈರ್ ಕಟ್ ಆದ ಮೇಲೆ ಕತ್ತರಿಸಿದ ಮುಖದಲ್ಲಿ ಕರಗಿ ಗಟ್ಟಿಯಾದ ತೆಳು ಪದರ ಇರುತ್ತದೆ, ಅದನ್ನು ಕಲ್ಲಿನಿಂದ ತೀಡಿ ತೆಗೆದು 495ರ ಆಸುಪಾಸಿನಲ್ಲಿ ಇನ್ನೊಮ್ಮೆ ಟೆಂಪರ್ ಮಾಡಿಸಿ. ಗ್ರೈಂಡಿಂಗಿಗೆ ಮೆದು ಗ್ರೇಡಿನ ವೀಲ್ ಹಾಕಿ, ಕೂಲಂಟ್ ಜೋರಾಗಿ ಬಿಡಿ. ಇನ್ನೊಂದು, ಹಾರ್ಡನಿಂಗ್‌ಗೆ ಕೊಡುವಾಗ ಚೀಟಿಯಲ್ಲಿ ಬರೀ 58–60 ಅಂತ ಬರೆದರೆ ಸಾಲದು, ಆ ನಂಬರನ್ನು ಬೇರೆ ದಾರಿಯಲ್ಲೂ ತರಬಹುದು. ಟೆಂಪರಿಂಗ್ ಬಿಸಿ ಎಷ್ಟು, ಎಷ್ಟು ಸಲ ಅಂತ ಬರೆದುಕೊಡಿ, ತುಂಡು ವಾಪಸ್ ಬಂದಾಗ ಕುಲುಮೆಯ ಚಾರ್ಟನ್ನೂ ಕೇಳಿ ತಗೊಳ್ಳಿ.