ದಿನ ತುಂಬುವ ಹೊತ್ತಿಗೆ ನಾನು ಬರೆದಿಟ್ಟುಕೊಂಡದ್ದು

ಡಾಕ್ಟರು ಕೊಟ್ಟ ಹೆರಿಗೆಯ ದಿನಾಂಕವನ್ನು ಮನೆಯವರೆಲ್ಲ ಶಿಲಾಶಾಸನವೆಂದೇ ನಂಬಿದ್ದರು. ಅದು ಕೊನೆಯ ಮುಟ್ಟಿನ ಮೊದಲ ದಿನದಿಂದ 40 ವಾರ ಎಣಿಸಿ ಹಾಕಿದ ಅಂದಾಜು ಅಷ್ಟೇ. ಸರಿಯಾಗಿ ಆ ದಿನವೇ ಹುಟ್ಟುವ ಮಕ್ಕಳು ನೂರಕ್ಕೆ ಐದರಷ್ಟು. 37 ವಾರ ತುಂಬಿದ ಮೇಲೆ ಯಾವಾಗ ಬೇಕಾದರೂ ಆಗಬಹುದು, 41 ದಾಟಿದರೆ ನೋವು ಬರಿಸುವ ಮಾತು ಬರುತ್ತದೆ ಎಂದು ನಾನು ಮನಸ್ಸಿಗೆ ಹೇಳಿಕೊಂಡೆ. ದಿನಾಂಕ ಕೇಳಿದವರಿಗೆಲ್ಲ ತಿಂಗಳು ಮಾತ್ರ ಹೇಳತೊಡಗಿದೆ. ಫೋನುಗಳು ಕಡಿಮೆಯಾದವು.

ಮಗುವಿನ ತಲೆ ಕೆಳಗಿಳಿದದ್ದು ಉಸಿರಾಟದಿಂದಲೇ ತಿಳಿಯಿತು. ಎದೆಯ ಬುಡದ ಒತ್ತಡ ಸಡಿಲವಾಯಿತು, ಊಟ ಸರಾಗವಾಯಿತು. ಆದರೆ ಭಾರವೆಲ್ಲ ಮೂತ್ರಕೋಶದ ಮೇಲೆ ಬಿದ್ದು, ರಾತ್ರಿಯ ನಿದ್ದೆ ಚೂರುಚೂರಾಯಿತು. ನಡೆಯುವಾಗ ಕಿಬ್ಬೊಟ್ಟೆಯ ಆಳದಲ್ಲಿ ಚುಳ್ಳೆಂದು ಚುಚ್ಚಿ ಮಾಯವಾಗುವ ನೋವು ಬೇರೆ. ಅಂಗಾತ ಮಲಗಿದರೆ ಗರ್ಭಕೋಶದ ಭಾರ ದೊಡ್ಡ ರಕ್ತನಾಳವನ್ನು ಒತ್ತುತ್ತದೆ. ಹಾಗಾಗಿ ಮಂಡಿಗಳ ನಡುವೆ ದಿಂಬಿಟ್ಟು ಪಕ್ಕಕ್ಕೆ ತಿರುಗಿ ಮಲಗುತ್ತಿದ್ದೆ.

ನನ್ನನ್ನು ಹೆಚ್ಚು ಕಾಡಿದ್ದು ಸುಳ್ಳು ನೋವು. ಹೊಟ್ಟೆ ಕಲ್ಲಾಗುತ್ತದೆ, ಬಿಡುತ್ತದೆ. ಸಂಜೆ ಮತ್ತೆ ಅದೇ. ಎಷ್ಟು ನೋಯುತ್ತದೆ ಎಂದು ಅಳೆಯಲು ಹೋದರೆ ಗೊಂದಲವೇ ಹೆಚ್ಚು, ಏಕೆಂದರೆ ದಣಿದ ದಿನ ಎಲ್ಲವೂ ಜೋರಾಗಿಯೇ ನೋಯುತ್ತದೆ. ನಾನು ಗಡಿಯಾರವನ್ನು ನಂಬಿದೆ. ಒಂದು ಬಿಗಿತ ಶುರುವಾದ ಕ್ಷಣದಿಂದ ಮುಂದಿನದು ಶುರುವಾಗುವವರೆಗಿನ ಅಂತರವನ್ನು ಪುಸ್ತಕದಲ್ಲಿ ಬರೆದೆ. ನೀರು ಕುಡಿದು, ಕುಳಿತಿದ್ದರೆ ಎದ್ದು ನಡೆದು, ನಡೆಯುತ್ತಿದ್ದರೆ ಮಲಗಿ ನೋಡಿದೆ. ಸುಳ್ಳು ನೋವಿನ ಅಂತರಕ್ಕೆ ತಾಳವೇ ಇರಲಿಲ್ಲ, ಭಂಗಿ ಬದಲಿಸಿದರೆ ಅಡಗುತ್ತಿತ್ತು. ನಿಜವಾದದ್ದು ಏನು ಮಾಡಿದರೂ ಜಗ್ಗುವುದಿಲ್ಲ.

ಇಷ್ಟೆಲ್ಲ ತಾಳ್ಮೆಯ ನಡುವೆ ಕಾಯಬಾರದ ಸಂಗತಿಗಳೂ ಇದ್ದವು. ಮೊದಲನೆಯದು ಮಗುವಿನ ಚಲನೆ. ಕೊನೆಗೆ ಜಾಗ ಸಾಲದೆ ಮಗು ಸುಮ್ಮನಾಗುತ್ತದೆ ಎಂದು ಹಿರಿಯರೊಬ್ಬರು ಸಮಾಧಾನ ಹೇಳಿದರು. ಅದು ತಪ್ಪು. ಒದೆಯುವ ಬದಲು ಹೊರಳಿದಂತೆ ಅನಿಸಬಹುದು, ಚಲನೆ ಮಾತ್ರ ಕಡಿಮೆಯಾಗಬಾರದು. ಒಂದು ಮಧ್ಯಾಹ್ನ ಎಂದಿನ ಹೊತ್ತಿಗೆ ಅದು ಅಲುಗಲಿಲ್ಲವೆಂದು ಆಸ್ಪತ್ರೆಗೆ ಹೋದೆವು. ಎದೆಬಡಿತ ಪರೀಕ್ಷಿಸಿ, ಎಲ್ಲ ಸರಿಯಿದೆ ಎಂದು ಕಳುಹಿಸಿದರು. ಬರುವಾಗ ಸಂಕೋಚವಾಗಿತ್ತು ನಿಜ. ಆದರೂ ಮತ್ತೆ ಹಾಗಾಗಿದ್ದರೆ ಮತ್ತೆ ಹೋಗುತ್ತಿದ್ದೆ. ಬಿಡದ ತಲೆನೋವು, ಕಣ್ಣು ಮಂಜಾಗುವುದು, ಮುಖ ಏಕಾಏಕಿ ಊದಿಕೊಳ್ಳುವುದು, ಪಕ್ಕೆಲುಬಿನ ಕೆಳಗಿನ ನೋವು ರಕ್ತದೊತ್ತಡ ಏರಿದ ಗುರುತುಗಳಾಗಿರಬಹುದು. ಅಂಗೈ ಅಂಗಾಲುಗಳ ವಿಪರೀತ ತುರಿಕೆ ಯಕೃತ್ತಿನ ತೊಂದರೆಯಿಂದ ಇರಬಹುದು. ಇವನ್ನೆಲ್ಲ ನನ್ನ ಗಂಡನೂ ಬಾಯಿಪಾಠ ಮಾಡಿಕೊಂಡಿದ್ದರು.

ರಕ್ತದ ಎಳೆಯಿದ್ದ ಲೋಳೆ ಕಂಡಾಗ ಮಾತ್ರ ನಾನು ಓಡಲಿಲ್ಲ. ಅದು ಕಂಡ ಮೇಲೂ ಹೆರಿಗೆಗೆ ದಿನಗಳು ಹಿಡಿಯಬಹುದು. ಮುಟ್ಟಿನಂತೆ ರಕ್ತ ಹರಿದರೆ ಮಾತು ಬೇರೆ, ತಡಮಾಡದೆ ಹೊರಡಬೇಕು. ನೀರು ಒಡೆಯುವುದೂ ಯಾವಾಗಲೂ ಧಾರೆಯಾಗಿ ಅಲ್ಲ. ನನಗೆ ತೊಟ್ಟಿಕ್ಕುತ್ತಲೇ ಇತ್ತು. ಪ್ಯಾಡ್ ಇಟ್ಟು ಬಣ್ಣ ನೋಡಿದೆ, ತಿಳಿಯಾಗಿತ್ತು. ಹಸಿರು ಅಥವಾ ಕಂದು ಛಾಯೆ ಇದ್ದಿದ್ದರೆ ಮಗು ಒಳಗೇ ಮಲ ವಿಸರ್ಜಿಸಿದೆ ಎಂದರ್ಥ.

ಆಸ್ಪತ್ರೆಗೆ ಫೋನ್ ಮಾಡಿದಾಗ ಅವರು ಕೇಳಿದ್ದು ನೋವಿನ ಅಂತರ, ನೀರಿನ ಬಣ್ಣ, ರಕ್ತಸ್ರಾವ, ಮಗುವಿನ ಚಲನೆ. ಅಷ್ಟರಲ್ಲಿ ಬಿಗಿತಗಳು ಐದು ನಿಮಿಷಕ್ಕೊಮ್ಮೆ ಬರುತ್ತಿದ್ದವು, ನನಗೆ ಮಾತು ಮುಗಿಸಲಾಗುತ್ತಿರಲಿಲ್ಲ. ಉಳಿದದ್ದನ್ನು ಗಂಡ ಪುಸ್ತಕ ನೋಡಿ ಓದಿ ಹೇಳಿದರು.