ಬೇಸಿಗೆಯಲ್ಲೂ ವಿದೇಶಿ ಸ್ವಯಂಸೇವಕರನ್ನು ಹಳ್ಳಿಯಲ್ಲೇ ಇಟ್ಟ ಬಗೆ: ನನ್ನ ಅನುಭವ

ಏಪ್ರಿಲ್, ಮೇ ತಿಂಗಳಲ್ಲಿ ಯಾದಗಿರಿ ಕಡೆ ಹಳ್ಳಿಯಲ್ಲಿ ವಿದೇಶಿಯರು ತಾಳುವುದಿಲ್ಲ, ಪಟ್ಟಣದ ಲಾಡ್ಜಿನಲ್ಲಿಟ್ಟು ಜೀಪಿನಲ್ಲಿ ಓಡಾಡಿಸಿ ಎಂದವರೇ ಬಹಳ. ನಾವು ಅವರನ್ನು ಹಳ್ಳಿಯಲ್ಲೇ ಇಟ್ಟು ಬೇಸಿಗೆ ದಾಟಿಸಿದ್ದೇವೆ, ಕೆಲಸ ಬಿಟ್ಟು ಹೋದವರಿಲ್ಲ. ಇಬ್ಬರಿಗೆ ಲಾಡ್ಜು, ಜೀಪು ಸೇರಿ ತಿಂಗಳಿಗೆ 35–40 ಸಾವಿರ ಆಗುತ್ತಿತ್ತು. ಈಗ ಬಾಡಿಗೆ, ಅಡುಗೆಯವರು, ಕಿರಾಣಿ ಎಲ್ಲ ಸೇರಿ 13–14 ಸಾವಿರದಲ್ಲಿ ಮುಗಿಯುತ್ತದೆ.

ಮೊದಲು ವೀಸಾದ ಮಾತು. ಟೂರಿಸ್ಟ್ ವೀಸಾದವರನ್ನು ಕೆಲಸಕ್ಕೆ ಹಚ್ಚಬೇಡಿ. ಬಂದ 24 ಗಂಟೆಯೊಳಗೆ ಅವರು ತಂಗಿರುವ ವಿವರದ ಆನ್‌ಲೈನ್ ಫಾರ್ಮ್ (ಮೊದಲು ಸಿ-ಫಾರ್ಮ್ ಎನ್ನುತ್ತಿದ್ದರು) ವಲಸೆ ಅಧಿಕಾರಿಗಳಿಗೆ ಹೋಗಬೇಕು. ಹಳ್ಳಿಯ ನೆಟ್‌ವರ್ಕ್ ನಂಬದೆ ಪಾಸ್‌ಪೋರ್ಟಿನ ಫೋಟೊ ಮೊದಲೇ ತರಿಸಿಕೊಳ್ಳಿ.

ಪತ್ರಾಸಿನ (ತಗಡಿನ ಛಾವಣಿಯ) ಮನೆ ಬೇಡವೇ ಬೇಡ. ದಪ್ಪ ಗೋಡೆಯ ಹಳೇ ಮಣ್ಣಿನ ಮಾಳಿಗೆ ಮನೆ, ಕೆಳಗೆ ಫರ್ಸಿ ಕಲ್ಲಿನ ನೆಲ ಇದ್ದರೆ ಅರ್ಧ ಗೆದ್ದಂತೆ. ಆರ್‌ಸಿಸಿ ಖೋಲಿಯೇ (ಕಾಂಕ್ರೀಟ್ ಛಾವಣಿಯ ಕೋಣೆ) ಸಿಕ್ಕರೆ ಛಾವಣಿಯ ಮೇಲೆ ಸುಣ್ಣ ಹೊಡೆಯಿರಿ. ಹತ್ತಕ್ಕೆ ಹನ್ನೆರಡು ಅಡಿಯ ಖೋಲಿಗೆ ಸುಮಾರು ಐದಾರು ಕಿಲೊ ಸುಣ್ಣ. ರಾತ್ರಿ ನೆನೆಸಿ, ಬಟ್ಟೆಯಲ್ಲಿ ಸೋಸಿ, ಕಾಲು ಕಿಲೊ ಫೆವಿಕಾಲ್ ಕಲಸಿ ಎರಡು ಸಲ. ಸಂಜೆ ಹೊಡೆಯಬೇಕು, ಮಧ್ಯಾಹ್ನ ಹೊಡೆದದ್ದು ಬಿರಿದು ಪುಡಿ ಉದುರುತ್ತದೆ. ಕೂಲರನ್ನು ಕಿಟಕಿಯ ಹೊರಗಿಟ್ಟು ಎದುರಿನ ಕಿಟಕಿ ತೆರೆದಿಡಿ. ಮುಚ್ಚಿದ ಖೋಲಿಯಲ್ಲಿ ಅದು ಹಸಿ ಗಾಳಿ ತುಂಬಿ ಇನ್ನಷ್ಟು ಕುದಿಸುತ್ತದೆ.

ನಮ್ಮ ಕಲಬುರಗಿ ವಿಭಾಗದಲ್ಲಿ ಬೇಸಿಗೆಗೆ ಸರ್ಕಾರಿ ಕಚೇರಿಗಳೇ ಬೆಳಿಗ್ಗೆ 8ರಿಂದ ಮಧ್ಯಾಹ್ನ 1:30ರವರೆಗೆ ನಡೆಯುತ್ತವೆ. ನಾವು ಅದಕ್ಕೂ ಮುಂಚೆ: 6ಕ್ಕೆ ಕೆಲಸ, 10:30ಕ್ಕೆ ನೆರಳು, ಸಂಜೆ 5ರ ಮೇಲೆ ಸ್ವಸಹಾಯ ಸಂಘದ ಸಭೆ. ಲಾಡ್ಜು ಸೋತದ್ದು ಇಲ್ಲೇ. ಅಲ್ಲಿಂದ ಹೊರಟು ಹಳ್ಳಿ ಮುಟ್ಟುವಷ್ಟರಲ್ಲಿ ತಂಪು ಹೊತ್ತು ಕಳೆದಿರುತ್ತದೆ.

ಬೋರ್‌ವೆಲ್ ನೀರು ಕಾಸಿ ಕೊಡುವವರಿದ್ದಾರೆ. ಕಾಸಿದರೆ ಅದರಲ್ಲಿರುವ ಫ್ಲೋರೈಡ್ ಹೋಗದು, ನೀರು ಆವಿಯಾದಷ್ಟೂ ಉಳಿದ ನೀರಿನಲ್ಲಿ ಅದರ ಪ್ರಮಾಣ ಹೆಚ್ಚುತ್ತದೆ. ಶುದ್ಧ ನೀರಿನ ಘಟಕದ ಕ್ಯಾನೇ ತನ್ನಿ, ಒಳಗೆ ಪಾಚಿ ಕಟ್ಟದಂತೆ ವಾರಕ್ಕೊಮ್ಮೆ ತಿಕ್ಕಿ.

ಊಟಕ್ಕಿಂತ ಮೊದಲು ಶೇಂಗಾ, ಎಳ್ಳಿನ ಅಲರ್ಜಿ ಕೇಳಿ. ಎಣ್ಣೆಗಾಯಿ, ಹಿಂಡಿ (ಚಟ್ನಿಪುಡಿ), ಪಲ್ಯ ಎಲ್ಲದರಲ್ಲೂ ನಮ್ಮಲ್ಲಿ ಶೇಂಗಾ ಪುಡಿ ಬೀಳುತ್ತದೆ, ಅಡುಗೆಯವರು ಅದನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ. ಮೊದಲ ಎರಡು ದಿನ ಅನ್ನ, ಹೆಸರುಬೇಳೆ, ಮೊಸರು. ಮೂರನೇ ದಿನ ಅರ್ಧ ಜೋಳದ ರೊಟ್ಟಿ, ಪುಂಡಿಪಲ್ಯ. ಹೊಟ್ಟೆ ಕೆಡುವುದಕ್ಕೆ ಎಲ್ಲರೂ ಖಾರವನ್ನು ಬೈಯುತ್ತಾರೆ. ನಾವು ಕಂಡಂತೆ ಕೆಡಿಸುವುದು ರೊಟ್ಟಿ ಜೊತೆ ಕಡಿಯುವ ಹಸಿ ಮೆಂತ್ಯ, ಮೂಲಂಗಿ. ಕೆಟ್ಟರೆ ಒಂದು ಲೀಟರ್ ನೀರಿಗೆ ಆರು ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು, ಚಹಾ ಚಮಚದ ಲೆಕ್ಕ.

ಹೊರಡುವ ಮುಂಚೆ ಒಂದು ಲೋಟ ಜೋಳದ ಅಂಬಲಿ, ಮಜ್ಜಿಗೆ ಬೆರೆಸಿ. ಸಜ್ಜೆಯದ್ದೂ ಮಾಡಿ ನೋಡಿದೆವು. ಆದರೆ ಬಿಸಿಲಿಗೆ ಸಜ್ಜೆ ಹಿಟ್ಟು ಬೇಗ ಕಹಿಯಾಗುತ್ತದೆ. ಅಂಬಲಿ ಸಂಜೆತನಕ ಹುಳಿಯಾಗದಂತೆ ನಮ್ಮ ಆಯಿ ಮಾಡುವ ಯುಕ್ತಿ ಬರೆಯುವುದಿಲ್ಲ, ಬಂದರೆ ತೋರಿಸುತ್ತೇವೆ.

ಮೊದಲ ಮಳೆಗೆ ಕೂಲರ್ ತೆಗೆದಿಡಿ, ಹಸಿ ಗಾಳಿಗೆ ಅದು ತಂಪು ಕೊಡದು. ಅದೇ ದಿನ ಸೊಳ್ಳೆ ಪರದೆ ಕಟ್ಟಿ.