ಸ್ನೂಕರ್ ಕ್ಯೂವಿಗೆ ಟಿಪ್ ಕೂರಿಸುವುದು, ಫೆರೂಲ್ ಕಾಪಾಡಿಕೊಳ್ಳುವುದು

ಸ್ನೂಕರ್ ಆಡುವ ಕೋಲಾದ ಕ್ಯೂವಿನ ತುದಿಗೆ ಅಂಟಿಸುವ ಚರ್ಮದ ಬಿಲ್ಲೆಯೇ ಟಿಪ್. ಹೊಸದಾಗಿ ಹಾಕಿದ ಟಿಪ್ ಎರಡು ವಾರವೂ ಬಾಳದೆ ಕಳಚಿಬಿದ್ದಾಗ ಆಟಗಾರರು ಅಂಟನ್ನು ದೂರುತ್ತಾರೆ, ಇಲ್ಲವೇ ಇನ್ನೂ ದುಬಾರಿಯ ಟಿಪ್ಪೊಂದನ್ನು ಕೊಳ್ಳುತ್ತಾರೆ. ನಾನು ಕಂಡಂತೆ ದೋಷ ಹೆಚ್ಚಿನ ಸಲ ಇರುವುದು ಟಿಪ್ಪಿಗೆ ಆಸರೆಯಾಗಬೇಕಾದ ಕ್ಯೂವಿನ ತುದಿಯಲ್ಲಿ. ಸ್ನೂಕರ್ ಕ್ಯೂವಿನ ಫೆರೂಲ್ ಎಂದರೆ ಮರದ ತುದಿಗೆ ತೊಡಿಸಿದ ಹಿತ್ತಾಳೆಯ ಬಳೆ. ಹೆಚ್ಚಿನ ಕ್ಯೂಗಳಲ್ಲಿ ಅದರ ನಡುವೆ ಆಶ್ ಅಥವಾ ಮೇಪಲ್ ಮರದ ತುದಿ ಕಾಣುತ್ತದೆ, ಟಿಪ್ ಎರಡರ ಮೇಲೂ ಕೂರುತ್ತದೆ. ಮರ ಮೆದು, ಹಿತ್ತಾಳೆ ಗಡುಸು. ಹೀಗಾಗಿ ಸ್ಯಾಂಡ್‌ಪೇಪರನ್ನು ಬೆರಳಿನಿಂದ ಒತ್ತಿ ಉಜ್ಜಿದರೆ ಮರವೇ ಹೆಚ್ಚು ಸವೆದು ನಡುವೆ ಬಟ್ಟಲಿನಂಥ ತಗ್ಗಾಗುತ್ತದೆ. ಅಂಥ ತುದಿಯ ಮೇಲೆ ಎಂಥ ಟಿಪ್ಪಾದರೂ ಅಂಚಿನಲ್ಲಷ್ಟೇ ಅಂಟಿಕೊಂಡಿದ್ದು, ಸೈಡ್ ಕೊಟ್ಟು (ಚೆಂಡು ತಿರುಗುವಂತೆ ಅದರ ಪಕ್ಕಕ್ಕೆ ತಗುಲಿಸಿ) ಬಲವಾಗಿ ಹೊಡೆದ ಒಂದು ಹೊಡೆತಕ್ಕೆ ಎದ್ದುಬರುತ್ತದೆ.

ಮೊದಲು ಟಿಪ್ಪಿನ ಆಯ್ಕೆ. ಸ್ನೂಕರ್ ಕ್ಯೂವಿನ ತುದಿ ಸಾಮಾನ್ಯವಾಗಿ 9ರಿಂದ 10 ಮಿ.ಮೀ. ವ್ಯಾಸದ್ದಾಗಿರುತ್ತದೆ. ಫೆರೂಲ್ 9.5 ಮಿ.ಮೀ. ಇದ್ದರೆ 10 ಮಿ.ಮೀ. ಟಿಪ್ ತರಬೇಕು, ಹೆಚ್ಚಾದದ್ದನ್ನು ಕತ್ತರಿಸಬಹುದು, ಕಡಿಮೆಯಾದದ್ದನ್ನು ಬೆಳೆಸಲಾಗದು. ಎಲ್ಕ್ ಮಾಸ್ಟರ್‌ನಂಥವು ಒಂದೇ ತುಂಡು ಚರ್ಮದವು. ಕಮುಯಿ, ತಾಲಿಸ್ಮನ್ ಮುಂತಾದವು ಹಂದಿಚರ್ಮದ ತೆಳು ಪದರಗಳನ್ನು ಒಂದರ ಮೇಲೊಂದು ಅಂಟಿಸಿ ಮಾಡಿದವು. ಪದರದ ಟಿಪ್‌ಗಳು ಒಂದರಂತೆ ಇನ್ನೊಂದಿರುತ್ತವೆ. ಒಂದೇ ತುಂಡಿನವುಗಳಲ್ಲಿ ಮಾತ್ರ ಒಂದೇ ಡಬ್ಬಿಯೊಳಗೂ ಗಡುಸುತನ ಬೇರೆಬೇರೆಯಾಗಿರುವುದರಿಂದ, ಕಲ್ಲಿನ ಮೇಲೆ ಒಂದೊಂದನ್ನೇ ಬೀಳಿಸಿ, ಹೆಚ್ಚು ಪುಟಿಯುವ, ಗಟ್ಟಿ ಸದ್ದು ಮಾಡುವ ಟಿಪ್ಪನ್ನು ಆರಿಸಿಕೊಳ್ಳುವುದು ಒಳ್ಳೆಯದು. ಕೆಲವರು ಇವನ್ನು ಹಾಲಿನಲ್ಲಿ ನೆನೆಸಿ, ಬಿಗಿಹಿಡಿಯುವ ಉಪಕರಣವಾದ ವೈಸ್‌ನಲ್ಲಿ ಒತ್ತಿಟ್ಟು ಒಣಗಿಸುತ್ತಾರೆ. ಅಷ್ಟು ಮಾಡದಿದ್ದರೂ ಒಣ ಟಿಪ್ಪನ್ನೇ ವೈಸ್‌ನಲ್ಲಿ ಸ್ವಲ್ಪ ಒತ್ತಿದರೆ ಅದು ಮುಂದೆ ಅಣಬೆಯಂತೆ ಹರಡುವುದು ಕಡಿಮೆಯಾಗುತ್ತದೆ.

ಹಳೆಯ ಟಿಪ್ಪನ್ನು ಚೂಪಾದ ಬ್ಲೇಡಿನಿಂದ ತೆಳುವಾಗಿ ಕತ್ತರಿಸುತ್ತ ಬಂದು, ಉಳಿದ ಅಂಟನ್ನು ಬ್ಲೇಡನ್ನು ಅಡ್ಡಹಿಡಿದು ಕೆರೆದು ತೆಗೆಯಬೇಕು. ಮರವನ್ನು ಅಗೆಯಬಾರದು. ಇನ್ನು ತುದಿಯನ್ನು ಸಮತಟ್ಟು ಮಾಡುವುದು. ಇಡೀ ಕೆಲಸದ ಅರ್ಧ ಸಮಯವನ್ನು ಇದಕ್ಕೇ ಕೊಟ್ಟರೂ ಹೆಚ್ಚಾಗದು. 240 ನಂಬರಿನ ಸ್ಯಾಂಡ್‌ಪೇಪರನ್ನು ಗಾಜಿನ ಅಥವಾ ನಯವಾದ ಮರದ ಪುಟ್ಟ ತುಂಡಿಗೆ ಅಂಟಿಸಿ, ಕ್ಯೂವನ್ನು ನೆಟ್ಟಗೆ ನಿಲ್ಲಿಸಿ, ಆ ತುಂಡನ್ನು ತುದಿಯ ಮೇಲೆ ಸಮನಾಗಿ ಆಡಿಸಬೇಕು. ನಾಲ್ಕಾರು ಸಲ ಉಜ್ಜಿದ ಮೇಲೆ ಕ್ಯೂವನ್ನು ಕಾಲುಸುತ್ತು ತಿರುಗಿಸಬೇಕು. ತುದಿಯ ಮೇಲೆ ಮೊದಲೇ ಪೆನ್ಸಿಲ್ಲಿನಿಂದ ಗೀಚಿಕೊಂಡಿದ್ದರೆ, ಗೀಚು ಎಲ್ಲೆಡೆ ಒಂದೇ ಸಮನೆ ಅಳಿಸಿದಾಗ ಕೆಲಸ ಮುಗಿದಿದೆ ಎಂದು ತಿಳಿಯುತ್ತದೆ. ಟಿಪ್ಪಿನ ತಳವನ್ನೂ ಹಾಗೆಯೇ ಸಮತಟ್ಟಾದ ಸ್ಯಾಂಡ್‌ಪೇಪರ್ ಮೇಲೆ ಎಂಟರ ಆಕಾರದಲ್ಲಿ ಉಜ್ಜಬೇಕು. ಎರಡನ್ನೂ ಜೋಡಿಸಿ ಬೆಳಕಿಗೆ ಹಿಡಿದಾಗ ಸಂದಿನಲ್ಲಿ ಬೆಳಕು ತೂರಬಾರದು.

ಅಂಟಿಗೆ ಫೆವಿಕ್ವಿಕ್‌ನಂಥ ತೆಳು ಅಂಟಿಗಿಂತ ಜೆಲ್ ರೂಪದ ಸೂಪರ್ ಗ್ಲೂ ಒಳ್ಳೆಯದು. ತೆಳು ಅಂಟನ್ನು ಮರದ ತುದಿ ಹೀರಿಕೊಂಡು ಜೋಡಣೆಯಲ್ಲಿ ಏನೂ ಉಳಿಯುವುದಿಲ್ಲ. ಬೇರೆ ಸಿಗದಿದ್ದರೆ ಮೊದಲೊಂದು ತೆಳು ಲೇಪ ಕೊಟ್ಟು, ಪೂರ್ತಿ ಒಣಗಲು ಬಿಟ್ಟು, ಮತ್ತೆ ಸಮತಟ್ಟು ಮಾಡಿಕೊಂಡು ಅಂಟಿಸಬಹುದು. ಒಂದು ಹನಿ ಸಾಕು. ಟಿಪ್ಪನ್ನು ನಡುವಿಗೆ ಸರಿಪಡಿಸಿ, ಒಂದು ನಿಮಿಷ ಅಲುಗಿಸದೆ ಒತ್ತಿಹಿಡಿದು, ರಾತ್ರಿಯಿಡೀ ಬಿಡಬೇಕು.

ಮರುದಿನ ಫೆರೂಲಿಗೆ ಮಾಸ್ಕಿಂಗ್ ಟೇಪ್ ಸುತ್ತಿ, ಕ್ಯೂವನ್ನು ತಲೆಕೆಳಗಾಗಿ ಮರದ ಹಲಗೆಯ ಮೇಲೆ ನಿಲ್ಲಿಸಿ, ಹೊರಚಾಚಿದ ಚರ್ಮವನ್ನು ಹೊಸ ಬ್ಲೇಡಿನಿಂದ ಹಲಗೆಯ ಕಡೆಗೆ ಸ್ವಲ್ಪ ಸ್ವಲ್ಪವೇ ಕತ್ತರಿಸಬೇಕು. ಟಿಪ್ಪಿನ ಪಕ್ಕೆಯನ್ನು 400, ಆಮೇಲೆ 600 ನಂಬರಿನ ಸ್ಯಾಂಡ್‌ಪೇಪರಿನಿಂದ ಫೆರೂಲಿನ ಮಟ್ಟಕ್ಕೆ ತಂದು, ತುಸು ಒದ್ದೆ ಮಾಡಿ, ಚರ್ಮದ ತುಂಡಿನಿಂದ ಹೊಳಪು ಬರುವವರೆಗೆ ಉಜ್ಜಿದರೆ ಪಕ್ಕೆ ಗಟ್ಟಿಯಾಗುತ್ತದೆ. ಮೇಲ್ಭಾಗಕ್ಕೆ ಗುಮ್ಮಟದ ಆಕಾರ ಕೊಡುವಾಗ 22 ಮಿ.ಮೀ.ನಷ್ಟಿರುವ 2011ರ ಸರಣಿಯ ಒಂದು ರೂಪಾಯಿ ನಾಣ್ಯದ ಅಂಚನ್ನು ಅಳತೆಗೆ ಹಿಡಿಯಬಹುದು, 9.5 ಮಿ.ಮೀ. ಟಿಪ್ಪಿನಲ್ಲಿ ಆ ಬಾಗಿಗೆ ನಡುಭಾಗ ಅಂಚಿಗಿಂತ ಸುಮಾರು 1 ಮಿ.ಮೀ. ಮೇಲಿರುತ್ತದೆ. ಚೆಂಡಿನ ನಡುವನ್ನು ಬಿಟ್ಟು ಹೊಡೆದಾಗಲೂ ಚರ್ಮ ಅದನ್ನು ಕಚ್ಚಿ ಹಿಡಿಯುವುದು ಈ ಬಾಗಿನಿಂದ. 19ನೇ ಶತಮಾನದ ಆರಂಭದಲ್ಲಿ ಫ್ರಾನ್ಸಿನ ಫ್ರಾಂಸ್ವಾ ಮಿಂಗೋ ಕ್ಯೂವಿನ ತುದಿಗೆ ಚರ್ಮ ಹಾಕಿ ಚೆಂಡನ್ನು ಮನಬಂದಂತೆ ತಿರುಗಿಸಿ ತೋರಿಸಿದ ದಿನದಿಂದ ಬಿಲಿಯರ್ಡ್ಸ್ ಬಗೆಯ ಆಟಗಳೆಲ್ಲ ನಿಂತಿರುವುದೇ ಆ ಹಿಡಿತದ ಮೇಲೆ.

ದಿನನಿತ್ಯದ ಆರೈಕೆ ಹೆಚ್ಚಿನದಲ್ಲ. ಟಿಪ್ ಚೆಂಡಿನ ಮೇಲೆ ಜಾರದಂತೆ ಹಚ್ಚುವ ಚಾಕ್ ಗಟ್ಟಿಯನ್ನು ಅದರ ಮೇಲೆ ಗಿರಗಿರನೆ ತಿರುಗಿಸದೆ ಬಣ್ಣ ಬಳಿದಂತೆ ಸವರಬೇಕು. ಮೇಲ್ಮೈ ಗಾಜಿನಂತೆ ಹೊಳೆಯತೊಡಗಿದರೆ ಸ್ಯಾಂಡ್‌ಪೇಪರಿನಿಂದ ಮೆಲ್ಲಗೆ ತಟ್ಟಿ ಒರಟು ಮಾಡಬೇಕು. ಪಂದ್ಯದ ದಿನ ಬೆಳಿಗ್ಗೆ ಮಾತ್ರ ಅದಕ್ಕೆ ಕೈಹಾಕಬಾರದು. ಪಕ್ಕೆಯ ಎತ್ತರ 1.5 ಮಿ.ಮೀ.ಗೆ ಇಳಿದಾಗ ಟಿಪ್ ಬದಲಿಸಬೇಕು, ಇಲ್ಲವಾದರೆ ಹಿತ್ತಾಳೆಯ ಅಂಚೇ ಚೆಂಡಿಗೆ ತಗುಲೀತು.

ಫೆರೂಲಿನ ತೊಂದರೆ ಕಣ್ಣಿಗಿಂತ ಮೊದಲು ಕಿವಿಗೆ ತಿಳಿಯುತ್ತದೆ. ಟಿಪ್ ಭದ್ರವಾಗಿದ್ದೂ ಹೊಡೆತಕ್ಕೆ ‘ಟಿಕ್’ ಎಂಬ ಒಣ ಸದ್ದು ಬಂದರೆ ಫೆರೂಲ್ ಸಡಿಲವಾಗಿದೆಯೇ ಎಂದು ಬೆರಳಿನಿಂದ ತಿರುಚಿ ನೋಡಬೇಕು. ಮಳೆಗಾಲದಲ್ಲಿ ತೇವ ಹೀರಿ ಉಬ್ಬಿದ ಮರ ಬೇಸಿಗೆಯಲ್ಲಿ ಅಡ್ಡಡ್ಡಲಾಗಿ ಕುಗ್ಗಿದಾಗ ಅಂಟಿನ ಹಿಡಿತ ಬಿಡುತ್ತದೆ. ಬಿಸಿಲಿಗೆ ನಿಲ್ಲಿಸಿದ ಕಾರಿನೊಳಗೆ ಕ್ಯೂ ಬಿಟ್ಟರೆ ಅಂಟು ಇನ್ನೂ ಬೇಗ ಸೋಲುತ್ತದೆ. ಟಿಪ್ ತೆಗೆದ ಮೇಲೆ ಸಡಿಲಾದ ಫೆರೂಲನ್ನು ಬಟ್ಟೆ ಸುತ್ತಿ ಹಿಡಿದು ತಿರುಚುತ್ತ ಎಳೆಯಬೇಕು, ಬರದಿದ್ದರೆ ಹಿತ್ತಾಳೆಗೆ ಮಾತ್ರ ಹೇರ್ ಡ್ರೈಯರಿನಿಂದ ಬಿಸಿ ಕೊಡಬಹುದು. ಒಳಗಿನ ಹಳೆಯ ಅಂಟನ್ನು ಕೆರೆದು, ಮರ ಬಿರುಕು ಬಿಟ್ಟಿಲ್ಲವೆಂದು ಖಚಿತಪಡಿಸಿಕೊಂಡು, ಎಪಾಕ್ಸಿ ಅಂಟಾದ ಅರಾಲ್ಡೈಟಿನ ಎರಡು ಟ್ಯೂಬುಗಳನ್ನು ಸಮನಾಗಿ ಕಲಸಿ ತೆಳುವಾಗಿ ಹಚ್ಚಿ, ತಿರುಗಿಸುತ್ತ ತೊಡಿಸಿ, ಹೊರಬಂದದ್ದನ್ನು ಒಡನೆಯೇ ಒರೆಸಬೇಕು. ಬಿರುಕು ಕಂಡರೆ ಅಲ್ಲಿಗೇ ನಿಲ್ಲಿಸಿ ಕ್ಯೂ ರಿಪೇರಿ ಬಲ್ಲವರಿಗೆ ಒಪ್ಪಿಸುವುದು ಲೇಸು. ತುದಿಯ ಮರವನ್ನು ಕತ್ತರಿಸಿ ಹೊಸ ಫೆರೂಲ್ ಕೂರಿಸಲು ಲೇತ್ ಬೇಕಾಗುತ್ತದೆ. ಅರಾಲ್ಡೈಟ್ ಹಚ್ಚಿದ ಮೇಲೆ ಕ್ಯೂವನ್ನು 24 ಗಂಟೆ ಮುಟ್ಟಬಾರದು. ಆಮೇಲೆ ತುದಿಯನ್ನು ಮತ್ತೆ ಪೆನ್ಸಿಲ್ಲಿನಿಂದ ಗೀಚಿ, ಮರವೂ ಹಿತ್ತಾಳೆಯೂ ಒಂದೇ ಮಟ್ಟಕ್ಕೆ ಬರುವವರೆಗೆ ಉಜ್ಜಿದ ಬಳಿಕವಷ್ಟೇ ಹೊಸ ಟಿಪ್ಪನ್ನು ಕೈಗೆತ್ತಿಕೊಳ್ಳಬೇಕು.